ಆವಾಸದಾನವೂ ನಮ್ಮ ನಗರಗಳೂ

ಕೆಲವು ತಿಂಗಳ ಹಿಂದೆ ನಮ್ಮ ಸಮಾಜದ ಒಂದು ಟ್ರಸ್ಟಿನ ಸಭೆಯಲ್ಲಿ ಕುಳಿತಿದ್ದೆ. ಊರಿನ ಹೆಸರಾಗಲಿ ಟ್ರಸ್ಟಿನ ಹೆಸರಾಗಲಿ ಇಲ್ಲಿ ಮುಖ್ಯವಲ್ಲ. ಇಂಥದೇ ಮಾತು ಬೇರೆ ಊರುಗಳಲ್ಲಿಯೂ ನಡೆದಿರುವುದನ್ನು ಬಲ್ಲೆ. ಬಸದಿಯ ಜೀರ್ಣೋದ್ಧಾರ ಮುಗಿದಿತ್ತು. ಅದರ ಹಿಂಬದಿಯ ನಿವೇಶನದಲ್ಲಿ ಟ್ರಸ್ಟು ಹನ್ನೆರಡು ಮನೆಗಳನ್ನು ಬಾಡಿಗೆಗಾಗಿ ಕಟ್ಟಿಸಿತ್ತು. ಅವನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆ ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದು, "ಯಾರಿಗಾದರೂ ಕೊಡೋಣ, ಹೊರರಾಜ್ಯದವರಿಗೆ ಮಾತ್ರ ಬೇಡ. ಅವರು ಬಂದೇ ಊರು ಹೀಗಾಗಿರುವುದು" ಎಂದರು. ಸಭೆ ತಲೆದೂಗಿತು. ಆ ಹನ್ನೆರಡು ಮನೆಗಳ ಗೋಡೆ ಎಬ್ಬಿಸಿದವರು, ಬಸದಿಯ ನೆಲಕ್ಕೆ ಅಮೃತಶಿಲೆ ಹಾಸಿ ಉಜ್ಜಿದವರು ರಾಜಸ್ಥಾನದಿಂದಲೂ ಒಡಿಶಾದಿಂದಲೂ ಬಂದ ಕೆಲಸಗಾರರು. ಒಂದೂವರೆ ವರ್ಷ ಅವರು ಅದೇ ಆವರಣದ ಮೂಲೆಯಲ್ಲಿ ತಗಡಿನ ಶೆಡ್ಡುಗಳಲ್ಲಿ ಬಾಳಿದ್ದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಆ ಸರ್ವಾನುಮತದಲ್ಲಿ ನನ್ನ ಮೌನವೂ ಸೇರಿತ್ತು. ಅದರ ಪ್ರತಿಕ್ರಮಣವೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ವಸತಿಯ ಪ್ರಶ್ನೆ ಸರ್ಕಾರಕ್ಕೆ ಸೇರಿದ್ದು, ಧರ್ಮಪತ್ರಿಕೆಗೆ ಅದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. 2011ರ ಜನಗಣತಿಯಂತೆ ದೇಶದಲ್ಲಿ ಜೈನರ ಸಂಖ್ಯೆ ಸುಮಾರು 44.5 ಲಕ್ಷ. ಅವರಲ್ಲಿ ನೂರಕ್ಕೆ ಸುಮಾರು 80 ಮಂದಿ ನಗರವಾಸಿಗಳು. ದೇಶದ ಇತರ ಯಾವ ದೊಡ್ಡ ಮತಸಮುದಾಯವೂ ಇಷ್ಟರಮಟ್ಟಿಗೆ ನಗರವನ್ನು ಆಶ್ರಯಿಸಿಲ್ಲ. ನಗರದಲ್ಲಿ ನಾವು ಬರಿಯ ನಿವಾಸಿಗಳಲ್ಲ. ಮನೆಗಳ ಮಾಲೀಕರು, ನಿವೇಶನಗಳ ಒಡೆಯರು, ಕಟ್ಟಡ ಉದ್ಯಮದಲ್ಲಿ ಹಣ ಹೂಡಿದವರು. ಆದುದರಿಂದ ನಗರದ ಮನೆಯ ಪ್ರಶ್ನೆ ಶ್ರಾವಕಾಚಾರದ ಪ್ರಶ್ನೆಯೂ ಹೌದು.

ಮೊದಲು "ಹೊರಗಿನವರು" ಎಂಬ ಮಾತನ್ನೇ ಪರಿಶೀಲಿಸೋಣ. 2011ರ ಜನಗಣತಿಯಲ್ಲಿ ದೇಶದೊಳಗೆ ವಲಸೆ ಹೋದವರೆಂದು ಎಣಿಕೆಯಾದವರು ಸುಮಾರು 45 ಕೋಟಿ. ಅವರಲ್ಲಿ ರಾಜ್ಯದ ಗಡಿ ದಾಟಿದವರು ಸುಮಾರು 5.4 ಕೋಟಿ, ಎಂದರೆ ಎಂಟರಲ್ಲಿ ಒಂದು ಪಾಲು. ಉಳಿದವರೆಲ್ಲ ತಮ್ಮ ರಾಜ್ಯದೊಳಗೇ ಒಂದೆಡೆಯಿಂದ ಇನ್ನೊಂದೆಡೆಗೆ ಹೋದವರು. ಬೆಂಗಳೂರಿನಂತಹ ನಗರದಲ್ಲಿ ಅಂತರರಾಜ್ಯ ವಲಸೆಯ ಪಾಲು ಹೆಚ್ಚೆಂಬುದು ಕಣ್ಣಿಗೆ ಕಾಣುವ ಸಂಗತಿ. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. 2001ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷ. 2011ರಲ್ಲಿ 96 ಲಕ್ಷ. ಹತ್ತೇ ವರ್ಷದಲ್ಲಿ ನೂರಕ್ಕೆ 47ರಷ್ಟು ಬೆಳವಣಿಗೆ. ಒಂದು ಚದರ ಕಿಲೋಮೀಟರಿಗೆ 2,985 ಮಂದಿ ಇದ್ದಲ್ಲಿ 4,381 ಮಂದಿಯಾದರು. ಇಷ್ಟು ಜನ ಬಂದಾಗ ಬಾಡಿಗೆ ಏರುವುದು, ರಸ್ತೆ ಕಿಕ್ಕಿರಿಯುವುದು, ನೀರು ಸಾಲದಾಗುವುದು ಸಹಜ.

ಆದರೆ ಆ ಜನರೆಲ್ಲ ಯಾರು? ಮಾಹಿತಿ ತಂತ್ರಜ್ಞಾನದ ಕಚೇರಿಗೆ ಬಂದ ಹೈದರಾಬಾದಿನ ಯುವಕನಿದ್ದಾನೆ, ಕಾವಲು ಕಾಯಲು ಬಂದ ಅಸ್ಸಾಮಿನವನಿದ್ದಾನೆ, ಕಲ್ಲು ಹೊರಲು ಬಂದ ಯಾದಗಿರಿಯ, ರಾಯಚೂರಿನ, ಕಲಬುರಗಿಯ ಕುಟುಂಬಗಳಿವೆ. ಇವರಲ್ಲಿ ಯಾರಿಗೆ ಸುಲಭವಾಗಿ ಮನೆ ಸಿಗುತ್ತದೆ? ಹತ್ತು ತಿಂಗಳ ಮುಂಗಡವನ್ನು ಒಂದೇ ಕಂತಿನಲ್ಲಿ ಎಣಿಸಬಲ್ಲ ಪರಭಾಷೆಯ ತಂತ್ರಜ್ಞನಿಗೆ ಸಿಗುತ್ತದೆ. ಅಚ್ಚಕನ್ನಡ ಮಾತನಾಡುವ ಯಾದಗಿರಿಯ ಕೂಲಿಕಾರನಿಗೆ ಸಿಗುವುದಿಲ್ಲ. ಹಾಗಿದ್ದಮೇಲೆ ನಾವು "ಹೊರಗಿನವನು" ಎಂದು ಕರೆಯುವುದು ಹೊರರಾಜ್ಯದವನನ್ನಲ್ಲ, ಬಡವನನ್ನು. ನಾಡಿನ ಮೇಲಿನ ಪ್ರೀತಿಯ ಹೆಸರಿನಲ್ಲಿ ನಾವು ಆಚರಿಸುತ್ತಿರುವುದು ಹಣದ ಪಕ್ಷಪಾತ. ಇದನ್ನು ನಾಡಪ್ರೇಮವೆಂದು ಕರೆಯುವುದು ಸತ್ಯಾಣುವ್ರತಕ್ಕೆ ಅಪಚಾರ.

ಇನ್ನು ನೀರು, ರಸ್ತೆ, ಚರಂಡಿಗಳ ಮಾತು. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ಬರುತ್ತದೆ. 1974ರಲ್ಲಿ ಮೊದಲ ಹಂತ ಆರಂಭವಾಯಿತು. 2007ರಲ್ಲಿ ನಗರದ ಸುತ್ತಲಿನ ಪುರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಆ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೆಯ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ. ಈ ಹದಿನೇಳು ವರ್ಷದಲ್ಲಿ ಆ ಹಳ್ಳಿಗಳ ಹೊಲಗಳೆಲ್ಲ ಬಡಾವಣೆಗಳಾದವು, ಬಡಾವಣೆಗಳ ಮೇಲೆ ಬಹುಮಹಡಿ ಕಟ್ಟಡಗಳೆದ್ದವು. ನೀರಿನ ಕೊಳವೆ ಹೋಗುವ ಮುನ್ನವೇ ನಕ್ಷೆಗೆ ಮಂಜೂರಾತಿ ಸಿಕ್ಕಿತು. ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಜನ ಬಾಳಿದರು. 2024ರ ಮಾರ್ಚಿನಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿವೆಯೆಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ಇದರಲ್ಲಿ ಬಾಡಿಗೆ ಮನೆಯಲ್ಲಿರುವ ಅಸ್ಸಾಮಿನ ಕಾವಲುಗಾರನ ತಪ್ಪೆಷ್ಟು? ನೀರಿಲ್ಲದಲ್ಲಿ ಮನೆ ಕಟ್ಟಲು ಅನುಮತಿ ಕೊಟ್ಟವರ, ಕಟ್ಟಿದವರ, ಬೆಲೆ ಏರುವುದೆಂದು ಕೊಂಡಿಟ್ಟವರ ತಪ್ಪೆಷ್ಟು?

ಕೆರೆಗಳ ಕಥೆಯೂ ಹೀಗೆಯೇ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇವನ್ನು ನುಂಗಿದವರು ಇಂದಿನ ವಲಸೆಗಾರರಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ಮಳೆನೀರು ನುಗ್ಗಿ, ಕೋಟಿಗಟ್ಟಲೆ ಬೆಲೆಬಾಳುವ ಮನೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಯನ್ನು ಅತಿಕ್ರಮಿಸಲು ಜಮೀನು ಬೇಕು, ಹಣ ಬೇಕು, ಕಚೇರಿಗಳಲ್ಲಿ ಕೈ ನಡೆಯಬೇಕು. ತಗಡಿನ ಶೆಡ್ಡಿನವನಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಇಷ್ಟಾಗಿಯೂ ಜನ ಹೆಚ್ಚಾದುದರಿಂದಲೇ ಮನೆಗಳು ಸಾಲುತ್ತಿಲ್ಲವೆಂದು ವಾದಿಸುವವರು ಇನ್ನೊಂದು ಲೆಕ್ಕವನ್ನು ನೋಡಬೇಕು. ದೇಶದ ನಗರಗಳಲ್ಲಿ ಸುಮಾರು 1 ಕೋಟಿ 87 ಲಕ್ಷ ಮನೆಗಳ ಕೊರತೆಯಿದೆಯೆಂದು 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿಯೊಂದು ಅಂದಾಜು ಮಾಡಿತು. ಆ ಕೊರತೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಬಡವರಿಗೂ ಕಡಿಮೆ ವರಮಾನದವರಿಗೂ ಸೇರಿದ್ದು. ಅದೇ ಕಾಲದ ಜನಗಣತಿಯಲ್ಲಿ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1 ಕೋಟಿ 10 ಲಕ್ಷ! ಒಂದು ಕಡೆ ಮನೆಯಿಲ್ಲದ ಜನ, ಇನ್ನೊಂದು ಕಡೆ ಜನವಿಲ್ಲದ ಮನೆ. ಖಾಲಿ ಮನೆಗಳೆಲ್ಲ ಬಡವರಿಗೆ ಸಲ್ಲುವಂಥವಲ್ಲ, ಕೆಲವು ಬೇರೆ ಕಾರಣಗಳಿಂದ ಖಾಲಿಯಿರಬಹುದು, ನಿಜ. ಆದರೆ ಬೆಲೆ ಏರಲೆಂದು ಬೀಗ ಹಾಕಿಟ್ಟ ಮನೆಗಳು, ಮುಳ್ಳುತಂತಿ ಸುತ್ತಿ ಬಿಟ್ಟ ನಿವೇಶನಗಳು ನಮ್ಮ ಬಂಧುಗಳಲ್ಲಿಯೇ ಎಷ್ಟಿವೆಯೆಂದು ಪ್ರತಿಯೊಬ್ಬರೂ ಮನಸ್ಸಿನಲ್ಲಿ ಎಣಿಸಿ ನೋಡಲಿ. ಸರ್ಕಾರ ರಸ್ತೆ ಮಾಡುತ್ತದೆ, ಮೆಟ್ರೋ ತರುತ್ತದೆ, ವಲಸೆಗಾರ ಬಂದು ದುಡಿಯುತ್ತಾನೆ. ನಿವೇಶನದ ಬೆಲೆ ಮಾತ್ರ ಕೈಕಟ್ಟಿ ಕುಳಿತವನಿಗೆ ಏರುತ್ತದೆ. ಬಾಡಿಗೆ ಏರಿದಾಗ ಸಂತೋಷಪಡುವವರೂ ನಾವೇ, ನಲ್ಲಿಯಲ್ಲಿ ನೀರು ಬಾರದಾಗ ವಲಸೆಗಾರನನ್ನು ದೂರುವವರೂ ನಾವೇ. ಎರಡೂ ಒಂದೇ ಕಾರಣದಿಂದ ಆದುವೆಂಬುದನ್ನು ಮಾತ್ರ ಮರೆಯುತ್ತೇವೆ.

ಇಲ್ಲಿ ಶಾಸ್ತ್ರದ ಕಡೆ ತಿರುಗಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾತಿಗಳು ಮೊಟ್ಟಮೊದಲು ಹೆಸರಿಸಿರುವುದು ಬೆಳ್ಳಿಯನ್ನಲ್ಲ, ಬಂಗಾರವನ್ನಲ್ಲ. ಕ್ಷೇತ್ರ ಮತ್ತು ವಾಸ್ತುವನ್ನು, ಅಂದರೆ ನೆಲವನ್ನೂ ಮನೆಯನ್ನೂ. ಗೃಹಸ್ಥನಿಗೆ ಮನೆಯಿರಬಾರದೆಂದು ಯಾವ ಆಚಾರ್ಯರೂ ಹೇಳಿಲ್ಲ. ಇಷ್ಟೇ ಸಾಕೆಂದು ಒಂದು ಮಿತಿಯನ್ನು ತಾನೇ ಹಾಕಿಕೊಂಡು, ಅದನ್ನು ಮೀರಬಾರದೆಂದು ಹೇಳಿದ್ದಾರೆ. ರಾತ್ರಿಭೋಜನ ತ್ಯಾಗದಲ್ಲಿ, ಕಂದಮೂಲಗಳ ವಿಷಯದಲ್ಲಿ ಅಷ್ಟೊಂದು ಎಚ್ಚರಿಕೆ ವಹಿಸುವ ನಾವು ಐದನೆಯ ಅಣುವ್ರತದಲ್ಲಿ ನಿವೇಶನಗಳಿಗೆ ಮಿತಿಯನ್ನು ಹಾಕಿಕೊಂಡಿದ್ದೇವೆಯೆ? ಹಾಕಿಕೊಂಡವರ ಹೆಸರು ಕೇಳಿದ್ದೇವೆಯೆ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ: ಆಹಾರ, ಔಷಧ, ಉಪಕರಣ ಮತ್ತು ಆವಾಸ. ಮೊದಲ ಮೂರು ನಮ್ಮಲ್ಲಿ ಉಳಿದುಬಂದಿವೆ, ನಾಲ್ಕನೆಯದು ಮಸುಕಾಗಿದೆ. ಈ ನಾಲ್ಕಕ್ಕೂ ಆಚಾರ್ಯರು ಒಂದೊಂದು ದೃಷ್ಟಾಂತವನ್ನು ಸೂಚಿಸಿದ್ದಾರೆ. ಆವಾಸದಾನಕ್ಕೆ ಅವರು ಆರಿಸಿಕೊಂಡಿರುವುದು ರಾಜನನ್ನಲ್ಲ, ಶ್ರೇಷ್ಠಿಯನ್ನಲ್ಲ, ಒಂದು ಕಾಡುಹಂದಿಯನ್ನು. ಟೀಕಾಕಾರರು ಆ ಕಥೆಯನ್ನು ವಿವರಿಸಿದ್ದಾರೆ. ಒಬ್ಬ ಕುಂಬಾರನೂ ಒಬ್ಬ ನಾಪಿತನೂ ಸೇರಿ ದಾರಿಹೋಕರು ಇಳಿದುಕೊಳ್ಳಲೆಂದು ಒಂದು ತಂಗುದಾಣವನ್ನು ಕಟ್ಟಿಸಿದರು. ಕುಂಬಾರನು ಅದರಲ್ಲಿ ಮುನಿಯೊಬ್ಬರಿಗೆ ಸ್ಥಳ ಕೊಟ್ಟನು. ನಾಪಿತನು ತನ್ನವನೊಬ್ಬನನ್ನು ಕರೆತಂದು ಮುನಿಯನ್ನು ಹೊರಹಾಕಿಸಿದನು. ಮುನಿ ಇಡೀ ರಾತ್ರಿ ಮರದ ಕೆಳಗೆ ಸೊಳ್ಳೆ ಚಳಿಗಳನ್ನು ಸಹಿಸಿದರು. ಇದರಿಂದ ಇಬ್ಬರಿಗೂ ಜಗಳವಾಗಿ, ಸತ್ತು, ವಿಂಧ್ಯದ ಕಾಡಿನಲ್ಲಿ ಕುಂಬಾರನು ಹಂದಿಯಾಗಿಯೂ ನಾಪಿತನು ಹುಲಿಯಾಗಿಯೂ ಹುಟ್ಟಿದರು. ಮುಂದೆ ಗುಹೆಯೊಂದರಲ್ಲಿ ತಂಗಿದ್ದ ಮುನಿಗಳನ್ನು ತಿನ್ನಲು ಹುಲಿ ಬಂದಾಗ, ಹಂದಿ ಗುಹೆಯ ಬಾಗಿಲಲ್ಲಿ ಅಡ್ಡನಿಂತು ಹೋರಾಡಿತು. ಎರಡೂ ಸತ್ತವು. ಕಾಯಲೆಂದು ಸತ್ತ ಹಂದಿಗೆ ದೇವಗತಿ, ತಿನ್ನಲೆಂದು ಬಂದ ಹುಲಿಗೆ ನರಕಗತಿ. ಈ ಕಥೆಯ ಮೂಲದಲ್ಲಿರುವ ಜಗಳ ಯಾವುದರದು? ತಂಗುದಾಣದಲ್ಲಿ ಯಾರಿಗೆ ಸ್ಥಳ ಕೊಡಬೇಕೆಂಬುದರದು. ನಮ್ಮ ಟ್ರಸ್ಟಿನ ಸಭೆಯಲ್ಲಿ ನಡೆದ ಚರ್ಚೆಯೂ ಅದೇ.

ಆವಾಸದಾನ ಮುನಿಗಳಿಗೆ ಹೇಳಿದ್ದು, ಕೂಲಿಕಾರರಿಗಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ; ಪಾತ್ರದಾನದ ಪ್ರಕರಣದಲ್ಲಿಯೇ ಅದು ಬಂದಿದೆ. ಆದರೆ ಪಾತ್ರದಾನದ ಜೊತೆಗೆ ಕರುಣಾದಾನವೂ ಶ್ರಾವಕನಿಗೆ ವಿಹಿತವಾಗಿದೆ; ಅಲ್ಲಿ ಪಾತ್ರದ ಗುಣವನ್ನು ಅಳೆಯುವುದಿಲ್ಲ, ದುಃಖವನ್ನು ಮಾತ್ರ ನೋಡುತ್ತಾರೆ. ಹಕ್ಕಿಗಳ ಆಸ್ಪತ್ರೆಗೂ ಗೋಶಾಲೆಗೂ ಇದೇ ಆಧಾರದ ಮೇಲೆ ಧಾರಾಳವಾಗಿ ಕೊಡುತ್ತೇವೆ. ಅಲ್ಲದೆ ನಾನು ಕೇಳುತ್ತಿರುವುದು ದಾನವನ್ನೂ ಅಲ್ಲ. ನ್ಯಾಯವಾದ ಬಾಡಿಗೆ ಕೊಡಲು ಸಿದ್ಧನಿರುವವನಿಗೆ ಅವನು ಹುಟ್ಟಿದ ರಾಜ್ಯವನ್ನು ಕೇಳಿ ಬಾಗಿಲು ಮುಚ್ಚಬೇಡಿರಿ ಎಂದಷ್ಟೇ.

ಎರಡನೆಯ ಆಕ್ಷೇಪ ಆಹಾರದ್ದು. ಬಸದಿಯ ಆವರಣದಲ್ಲಿ ಮಾಂಸದ ಅಡುಗೆ ಆಗಬಾರದೆಂಬುದು ನ್ಯಾಯವೇ. ಹಾಗಾದರೆ ಆ ನಿಯಮವನ್ನೇ ಬರೆಯಿರಿ, ಒಪ್ಪಿದವನು ಬರಲಿ. ಅದನ್ನು ಬಿಟ್ಟು ಪ್ರಾಂತ್ಯವನ್ನು ಕೇಳುವುದೇಕೆ? ರಾಜಸ್ಥಾನದ ಕಲ್ಲುಕೆಲಸಗಾರರಲ್ಲಿ ಸಸ್ಯಾಹಾರಿಗಳು ಎಷ್ಟೋ ಮಂದಿ ಇದ್ದಾರೆ. ನಮ್ಮ ನೆರೆಹೊರೆಯ ಎಷ್ಟೋ ಕನ್ನಡಿಗರು ಮಾಂಸಾಹಾರಿಗಳು. ಪ್ರಾಂತ್ಯದ ನಿಷೇಧದಿಂದ ಆಹಾರಶುದ್ಧಿ ಸಿದ್ಧಿಸುವುದಿಲ್ಲ. ಕಾನೂನು ನಮ್ಮ ಪರವಾಗಿದೆ ಎನ್ನುವವರೂ ಇದ್ದಾರೆ. ಅಹಮದಾಬಾದಿನ ಪಾರಸಿ ಗೃಹಸಹಕಾರ ಸಂಘವೊಂದು ಸದಸ್ಯತ್ವವನ್ನು ಪಾರಸಿಗಳಿಗೇ ಮೀಸಲಿಟ್ಟುದನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದುದು ನಿಜ. ಆದರೆ ಕಾನೂನು ದಂಡಿಸದ ಎಲ್ಲವೂ ಧರ್ಮವಾಗುವಂತಿದ್ದರೆ ಅಣುವ್ರತಗಳೇ ಬೇಕಾಗಿರಲಿಲ್ಲ.

ಮೂರನೆಯದು ಭಾಷೆ. ಬಂದವರು ಕನ್ನಡ ಕಲಿಯುವುದಿಲ್ಲವೆಂಬ ದೂರಿನಲ್ಲಿ ಹುರುಳಿದೆ. ನೆಲದ ಅನ್ನ ಉಂಡವನಿಗೆ ನೆಲದ ಭಾಷೆಯ ಋಣವಿದೆ. ಇದನ್ನು ರಾಜಸ್ಥಾನ ಗುಜರಾತುಗಳಿಂದ ಬಂದು ಚಿಕ್ಕಪೇಟೆಯಲ್ಲಿಯೂ ಹುಬ್ಬಳ್ಳಿಯಲ್ಲಿಯೂ ನೆಲೆಸಿದ ನಮ್ಮ ಸಹಧರ್ಮಿಗಳಿಗೂ ಸ್ಪಷ್ಟವಾಗಿ ಹೇಳಬೇಕು. ಆದರೆ ನೆಲೆಯಿಲ್ಲದವನಿಗೆ ಭಾಷೆ ಬರುವುದು ಹೇಗೆ? ವಠಾರದಲ್ಲಿ, ಅಂಗಡಿಯಲ್ಲಿ, ಮಕ್ಕಳ ಶಾಲೆಯಲ್ಲಿ ನೆರೆಯವರ ಜೊತೆ ಬಾಳಿದರೆ ಭಾಷೆ ಬರುತ್ತದೆ. ತಗಡಿನ ಶೆಡ್ಡಿನಲ್ಲಿ ಕೂಡಿಹಾಕಿದರೆ ಬರುವುದಿಲ್ಲ. ಆದಿಕವಿ ಪಂಪನ ಮನೆತನ ವೆಂಗಿನಾಡಿನದು. ಅವನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ನಾಡಿನ ಗಡಿಗಳನ್ನು ಇಂದಿನ ನಕ್ಷೆಯಂತೆ ಅಂದೂ ಕಾದಿದ್ದರೆ ಕನ್ನಡಕ್ಕೆ ಪಂಪನೂ ಇಲ್ಲ, ಜೈನಸಾಹಿತ್ಯಕ್ಕೆ ಆದಿಪುರಾಣವೂ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸುಮಾರು ಕ್ರಿ.ಶ. 600ರ ಶಾಸನವಿದೆ. ಹನ್ನೆರಡು ವರ್ಷಗಳ ವಿಪತ್ತನ್ನು ಭದ್ರಬಾಹುಗಳು ಉಜ್ಜಯಿನಿಯಲ್ಲಿ ಮುಂಗಂಡು ಹೇಳಿದುದನ್ನೂ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಬಂದುದನ್ನೂ ಅದು ಹೇಳುತ್ತದೆ. ಬರಗಾಲಕ್ಕೆ ಅಂಜಿ ಬಂದ ಆ ಸಂಘಕ್ಕೆ ಈ ನಾಡಿನ ಜನ ಎಡೆಕೊಟ್ಟರು. ಆ ಎಡೆಯ ಮೇಲೆಯೇ ಗೊಮ್ಮಟನವರೆಗಿನ ನಮ್ಮ ಇತಿಹಾಸ ನಿಂತಿದೆ. ವಲಸೆಯನ್ನು ಪವಿತ್ರ ಸ್ಮರಣೆಯಾಗಿ ಕಾಪಾಡಿಕೊಂಡಿರುವ ಸಮಾಜ, ಬರದಿಂದ ತಪ್ಪಿಸಿಕೊಂಡು ಬಂದ ಇನ್ನೊಬ್ಬನಿಗೆ ಬಾಗಿಲು ಹಾಕುವುದೆಂದರೆ ತನ್ನ ಮೂಲಕ್ಕೇ ಬಾಗಿಲು ಹಾಕಿದಂತೆ.

ನಗರಕ್ಕೆ ಈ ಜನ ಬೇಕೋ ಬೇಡವೋ ಎಂಬುದನ್ನು 2020 ತೋರಿಸಿಕೊಟ್ಟಿತು. ಆ ವರ್ಷದ ಮೇ ತಿಂಗಳಲ್ಲಿ ಊರಿಗೆ ಹೋಗಲು ಕಾದಿದ್ದ ವಲಸೆ ಕಾರ್ಮಿಕರ ರೈಲುಗಳನ್ನು ಕರ್ನಾಟಕ ಸರ್ಕಾರ ನಿಲ್ಲಿಸಿತು. ಅದಕ್ಕೆ ಮುನ್ನ ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆದಿತ್ತು. ಟೀಕೆ ಬಂದಮೇಲೆ ಎರಡು ಮೂರು ದಿನಗಳಲ್ಲಿ ನಿರ್ಧಾರ ಬದಲಾಯಿತು. ಬಂದಾಗ ಬೇಡವಾದವರು ಹೊರಟಾಗ ಬೇಕಾದರು! ಕೆಲಸದ ಸ್ಥಳದಲ್ಲಿ ಕಟ್ಟಡ ಕಾರ್ಮಿಕರಿಗೆ ಉಚಿತ ವಸತಿ, ಪ್ರತ್ಯೇಕ ಅಡುಗೆಯ ಜಾಗ, ಸ್ನಾನ ಮತ್ತು ಶೌಚದ ವ್ಯವಸ್ಥೆ ಇರಬೇಕೆಂದು 1996ರ ಕಾಯಿದೆ ವಿಧಿಸಿತ್ತು. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಸೂಕ್ತ ವಸತಿಯೆಂದು 1979ರ ಕಾಯಿದೆಯೂ ಹೇಳಿತ್ತು. ಅವೆರಡನ್ನೂ 2020ರ ಹೊಸ ಸಂಹಿತೆಯೊಳಗೆ ಸೇರಿಸಲಾಯಿತು. ಕಾಯಿದೆಗಳ ಹೆಸರು ಬದಲಾಗಿದೆ; ಶೆಡ್ಡಿನ ತಗಡು ಬದಲಾಗಿಲ್ಲ. ನಮ್ಮ ಬಸದಿಗಳ ಆವರಣದಲ್ಲಾದರೂ ಅದು ಬದಲಾಗಬೇಡವೆ?

ಟೀಕೆಯೊಂದೇ ಸಾಲದು, ಟ್ರಸ್ಟುಗಳು ಮಾಡಬಹುದಾದ ಕೆಲವು ಕಾರ್ಯಗಳನ್ನು ಮುಂದಿಡುತ್ತೇನೆ. ಬಸದಿ, ಕಲ್ಯಾಣಮಂಟಪ, ಯಾತ್ರಿನಿವಾಸ ಯಾವುದನ್ನು ಕಟ್ಟಿಸಿದರೂ ಅಡಿಗಲ್ಲು ಇಡುವ ಮೊದಲು ಕೆಲಸಗಾರರ ವಸತಿ ಸಿದ್ಧವಾಗಿರಬೇಕೆಂದು ಗುತ್ತಿಗೆಯ ಕರಾರಿನಲ್ಲಿಯೇ ಬರೆಸಬೇಕು. ಬಾಡಿಗೆ ಮನೆಗಳಿಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳಬಾರದು. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ಹೇಳುವ ಮಿತಿಯೂ ಅದೇ. ಟ್ರಸ್ಟಿನ ಹೆಸರಿನಲ್ಲಿ ಖಾಲಿ ಬಿದ್ದಿರುವ ನಿವೇಶನಗಳಲ್ಲಿ ಒಂದರಲ್ಲಾದರೂ ಕಡಿಮೆ ವರಮಾನದವರಿಗೆಂದು ಚಿಕ್ಕ ಮನೆಗಳನ್ನು ಕಟ್ಟಿಸಬೇಕು. ಕಳೆದ ಶತಮಾನದ ಆರಂಭದಲ್ಲಿ ಕೊಲ್ಹಾಪುರ, ಸಾಂಗ್ಲಿ, ಹುಬ್ಬಳ್ಳಿಗಳ ಕಡೆ ಹಳ್ಳಿಯ ಹುಡುಗರಿಗಾಗಿ ಜೈನ ಬೋರ್ಡಿಂಗುಗಳನ್ನು ಕಟ್ಟಿದ ಹಿರಿಯರಿಗೆ ನಮಗಿಂತ ಹೆಚ್ಚು ಹಣವೇನೂ ಇರಲಿಲ್ಲ. ಬಸದಿಯ, ಸಭಾಭವನದ ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಚರಂಡಿಗೆ ಬಿಡದೆ ನೆಲಕ್ಕೆ ಇಂಗಿಸಬೇಕು. ಮಳೆನೀರು ಕೊಯ್ಲನ್ನು ಬೆಂಗಳೂರಿನಲ್ಲಿ 2009ರಲ್ಲಿಯೇ ಕಡ್ಡಾಯ ಮಾಡಲಾಗಿದೆ. ನೀರನ್ನು ಸೋಸಿ ಕುಡಿಯುವ ನಮಗೆ ನೀರಿನ ಒಂದು ಹನಿಯಲ್ಲಿರುವ ಜೀವಗಳ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆಯ ಹೊತ್ತು ಬೀಗ ಬಿದ್ದಿರುವ ಸಮುದಾಯ ಭವನದಲ್ಲಿ ಬಂದವರಿಗೆ ಕನ್ನಡ ಕಲಿಸಬೇಕು. ಕಡೆಯದಾಗಿ, ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದ ದಿನ, ಪ್ರವಚನ ಕೇಳಿ ಎದ್ದುಹೋಗುವ ಬದಲು, ನೆಲ ಮನೆಗಳ ವಿಷಯದಲ್ಲಿ ತಮ್ಮ ಮಿತಿ ಇಷ್ಟೆಂದು ಪ್ರತಿ ಕುಟುಂಬವೂ ವ್ರತ ತೊಡಲಿ. ಮಿತಿ ಎಷ್ಟಾದರೂ ಇರಲಿ, ಮಿತಿಯೆಂಬುದು ಇರಲಿ.

ನಗರಗಳು ಎಲ್ಲೆಯಿಲ್ಲದೆ ಬೆಳೆಯಲೆಂಬುದು ನನ್ನ ಅಭಿಪ್ರಾಯವಲ್ಲ. ಕಾವೇರಿಗೂ ಮಿತಿಯಿದೆ. ಉದ್ಯೋಗಗಳು ಬೆಂಗಳೂರೊಂದರಲ್ಲಿಯೇ ಗುಂಪುಗೂಡದೆ ಹುಬ್ಬಳ್ಳಿ, ಮೈಸೂರು, ಕಲಬುರಗಿಗಳಿಗೂ ಹೋಗಬೇಕೆಂದು ನಾವು ಸರ್ಕಾರವನ್ನು ಒತ್ತಾಯಿಸಬೇಕು. ಆದರೆ ಸರ್ಕಾರದ ತಪ್ಪಿಗೂ ನಮ್ಮ ಲೋಭಕ್ಕೂ ದಂಡವನ್ನು ಅತ್ಯಂತ ದುರ್ಬಲನಾದವನಿಂದ ವಸೂಲು ಮಾಡುವುದು ಹಿಂಸೆ. ಕೈಯಲ್ಲಿ ಆಯುಧವಿಲ್ಲದಿದ್ದರೂ, ನಿರ್ಣಯ ಪುಸ್ತಕದಲ್ಲಿ ಬರೆದರೂ ಅದು ಹಿಂಸೆಯೇ.

ಆ ಹನ್ನೆರಡು ಮನೆಗಳಲ್ಲಿ ಐದು ಇದನ್ನು ಬರೆಯುವಾಗಲೂ ಖಾಲಿಯಿವೆ. ಬರುವ ಸಾಮಾನ್ಯ ಸಭೆಯಲ್ಲಿ ಆ ನಿರ್ಣಯವನ್ನು ರದ್ದುಮಾಡಬೇಕೆಂದು ನಾನು ಬರವಣಿಗೆಯಲ್ಲಿ ಸೂಚನೆ ಕೊಟ್ಟಿದ್ದೇನೆ. ಅನುಮೋದಕರು ಇನ್ನೂ ಸಿಕ್ಕಿಲ್ಲ. ತಮ್ಮ ತಮ್ಮ ಊರಿನ ಟ್ರಸ್ಟುಗಳಲ್ಲಿ ಇಂತಹ ನಿರ್ಣಯಗಳಿದ್ದರೆ, ಓದುಗರೂ ಅಂತಹ ಒಂದು ಸೂಚನೆಯನ್ನು ಕೊಡಲಿ. ಯಾರಾದರೂ ಕೊಟ್ಟಿದ್ದರೆ ಎದ್ದು ಅನುಮೋದಿಸಲಿ.